ಗುಣಮುಖಳಾದ ಸೊಸೆಯ ಮೌನ

ಕ್ಯಾನ್ಸರಿನಿಂದ ಗುಣಮುಖಳಾಗಿ ಮನೆಗೆ ಮರಳಿದ ಸೊಸೆಯನ್ನು ಕಂಡು ನಾವೆಲ್ಲರೂ ಹರ್ಷಪಡುತ್ತೇವೆ. ‘ಜೀವ ಉಳಿಯಿತಲ್ಲ, ಅಷ್ಟೇ ಸಾಕು’ ಎಂದು ಹರಸುತ್ತೇವೆ. ಆದರೆ ಕೆಲವು ತಿಂಗಳ ಬಳಿಕ ಬಂಧುಗಳ ಮನೆಯಿಂದ ಕುಬಸದ ಕರೆ ಬಂದಾಗ ಆಕೆ ತಲೆನೋವೆಂದು ಒಳಕೋಣೆ ಸೇರಿದರೆ, ಏಕೆಂದು ನಾವು ವಿಚಾರಿಸುವುದಿಲ್ಲ.

ಹೆಣ್ಣುಶಿಶು ಜನಿಸುವಾಗಲೇ ಅದರ ಅಂಡಾಶಯಗಳಲ್ಲಿ ಸುಮಾರು 10ರಿಂದ 20 ಲಕ್ಷ ಅಂಡಾಣುಗಳಿರುತ್ತವೆ. ಆ ಸಂಗ್ರಹ ದಿನೇ ದಿನೇ ಕ್ಷೀಣಿಸುವುದೇ ಹೊರತು ಹೆಚ್ಚುವುದಿಲ್ಲ. ಸೈಕ್ಲೊಫಾಸ್ಫಮೈಡ್‌ನಂತಹ ಕಿಮೋಥೆರಪಿ ಔಷಧಿಗಳು ಕ್ಯಾನ್ಸರ್ ಕಣಗಳೊಡನೆ ಇವುಗಳನ್ನೂ ನಾಶಪಡಿಸಬಲ್ಲವು. ಕಿಬ್ಬೊಟ್ಟೆಗೆ ನೀಡುವ ವಿಕಿರಣವು ಗರ್ಭಾಶಯಕ್ಕೂ ಹಾನಿಯುಂಟುಮಾಡಬಹುದು. ಎಲ್ಲರಿಗೂ ಹೀಗಾಗುವುದಿಲ್ಲ, ವಯಸ್ಸು, ಔಷಧಿ ಹಾಗೂ ಅದರ ಪ್ರಮಾಣವನ್ನು ಅದು ಅವಲಂಬಿಸಿದೆ. ಆದರೆ ಮೂವತ್ತು ತುಂಬುವ ಮುನ್ನವೇ ಮುಟ್ಟು ನಿಂತವಳ ಪಾಲಿಗೆ ಇದು ಎರಡನೆಯ ಆಘಾತ.

ಅಗಲಿದವರಿಗಾಗಿ ಅಳುವವರನ್ನು ಸಂತೈಸುವ ರೀತಿ ನಮಗೆ ಗೊತ್ತು. ಹುಟ್ಟದ ಮಗುವಿಗಾಗಿ ಮರುಗುವವಳನ್ನು ಸಂತೈಸಲು ನಾವು ಕಲಿತಿಲ್ಲ. ಬದುಕಿಸಿದವರಿಗೆ ಕೃತಘ್ನಳಾದೆನೇನೋ ಎಂಬ ಅಳುಕಿನಿಂದ ಆಕೆಯೂ ಬಾಯಿ ಬಿಡಲಾರಳು. ತನ್ನ ದೇಹವೇ ತನಗೆ ಎರಡು ಬಾರಿ ದ್ರೋಹ ಬಗೆಯಿತೆಂದು ಒಳಗೊಳಗೇ ಕೊರಗುತ್ತಾಳೆ. ‘ಬಂಜೆ’ ಎಂಬ ಒಂದು ಮಾತು ಕಿವಿಗೆ ಬಿದ್ದರಂತೂ ಆ ಗಾಯ ಮಾಯುವುದೇ ಇಲ್ಲ.

ಇಂದು ಇದಕ್ಕೆ ಕೆಲವು ಮುಂಜಾಗ್ರತೆಗಳುಂಟು. ಚಿಕಿತ್ಸೆ ಆರಂಭವಾಗುವ ಮೊದಲೇ ಅಂಡಾಣುಗಳನ್ನು ಅಥವಾ ಭ್ರೂಣಗಳನ್ನು ಶೈತ್ಯದಲ್ಲಿ ಕಾಪಿಡಬಹುದು. ಅಂಡಾಣು ಪಡೆಯಲು ಸಾಮಾನ್ಯವಾಗಿ ಎರಡು ವಾರ ಬೇಕಾಗುತ್ತದೆ. ಬೆಲ್ಜಿಯಂ ದೇಶದಲ್ಲಿ 1997ರಲ್ಲಿ ಕಾಪಿಟ್ಟ ತನ್ನದೇ ಅಂಡಾಶಯದ ಅಂಗಾಂಶವನ್ನು ಮರಳಿ ಜೋಡಿಸಿಕೊಂಡ ಮಹಿಳೆಯೊಬ್ಬರು 2004ರಲ್ಲಿ ತಾಯಿಯಾದರು. ಇದು ವೆಚ್ಚದಾಯಕ, ರೋಗ ತೀವ್ರವಾಗಿದ್ದರೆ ಕಾಯುವ ಅವಕಾಶವೂ ಇರಲಾರದು. ಆದರೂ ವೈದ್ಯರನ್ನು ಕೇಳಲು ಸಂಕೋಚಪಡಬಾರದು. ಮದುವೆಯಾಗದ ಮಗಳ ವಿಷಯದಲ್ಲಂತೂ ತಂದೆತಾಯಿಗಳೇ ಮುಂದಾಗಿ ಕೇಳಬೇಕು.

ಆ ಕಾಲ ಮೀರಿದವರಿಗೆ ದತ್ತು ಸ್ವೀಕಾರದ ದಾರಿಯಿದೆ. ಆದರೆ ಅದನ್ನು ಆಕೆಯ ಅಳು ನಿಲ್ಲಿಸುವ ಸಲಹೆಯಾಗಿ ಅವಸರದಿಂದ ಹೇಳುವುದು ತರವಲ್ಲ. ಮೊದಲು ಆಕೆ ಅಳಲಿ. ಪತಿ ಬಳಿಯಲ್ಲಿ ಕೂರಲಿ. ಅತ್ತೆ, ‘ನಿನ್ನ ನೋವು ನಮ್ಮದೂ ಹೌದು ತಾಯಿ’ ಎನ್ನಲಿ. ಅಗತ್ಯವಿದ್ದರೆ ಮನೋವೈದ್ಯರ ನೆರವು ಪಡೆಯುವುದರಲ್ಲಿ ಅವಮಾನವೇನೂ ಇಲ್ಲ.

ಮುಂದಿನ ಕುಬಸಕ್ಕೆ ಆಕೆಯನ್ನೂ ಕರೆಯೋಣ. ಬಾರದಿದ್ದರೆ ಬೇಸರಿಸದಿರೋಣ. ಬಂದರೆ, ಆಕೆಯನ್ನು ದಾಟಿ ಮುಂದೆ ಹೋಗದೆ, ಮೊದಲು ಆಕೆಯ ಉಡಿಯನ್ನೇ ತುಂಬೋಣ.