ಪಾಂಪೇಯ ಬಿಸಿಲಲ್ಲಿ ನಾಲ್ವರು

ಕ್ಯಾಮೆರಾ ಎಲ್ಲೋ ಮೇಲಿನ ಸಾಲಿನಲ್ಲಿ, ಹುಲ್ಲು ಹಬ್ಬಿದ ಕಲ್ಲುಮೆಟ್ಟಿಲ ಹತ್ತಿರ ನಿಂತಿದೆ. ಕೆಳಗೆ ಮೊಟ್ಟೆಯಾಕಾರದ ದೊಡ್ಡ ಅಂಗಳ. ಅದರ ನಡುವೆ ಒತ್ತೊತ್ತಾಗಿ ಜೋಡಿಸಿದ ಕಪ್ಪು ಪೆಟ್ಟಿಗೆಗಳು, ಪೆಟ್ಟಿಗೆಗಳ ಮಧ್ಯೆ ಮುಖ ಗುರುತು ಸಿಗದಷ್ಟು ದೂರದಲ್ಲಿ ನಾಲ್ವರು. ಬಿಸಿಲಿಗೆ ಬಿಳಿಚಿದ ಧೂಳು ಬಿಟ್ಟರೆ ಮತ್ತೇನೂ ಇಲ್ಲ. ಪಿಯಾನೋದಿಂದ ಒಂದೇ ಒಂದು ಸ್ವರ ತೊಟ್ಟಿಕ್ಕುತ್ತದೆ. ನೀರಿನೊಳಗಿಂದ ಎದ್ದು ಬಂದಂಥ, ಒದ್ದೆಯಾದ ಸ್ವರ. ಸ್ವಲ್ಪ ತಡೆದು ಇನ್ನೊಂದು. ಕ್ಯಾಮೆರಾಕ್ಕೆ ಅವಸರವೇ ಇಲ್ಲ. ಅದು ತುಸುತುಸುವೇ ಹತ್ತಿರ ಸರಿಯುತ್ತಾ ಹೋದ ಹಾಗೆ ಗಿಟಾರ್ ಸೇರಿಕೊಳ್ಳುತ್ತದೆ, ಅದರ ಹಿಂದೆ ಬೇಸ್, ಆಮೇಲೆ ಡ್ರಮ್. ಅಷ್ಟು ಹೊತ್ತಿಗೆ ನೋಡುವವರಿಗೆ ಒಂದು ವಿಷಯ ಗಮನಕ್ಕೆ ಬಂದಿರುತ್ತದೆ: ಚಪ್ಪಾಳೆ ಇಲ್ಲ, ಶಿಳ್ಳೆ ಇಲ್ಲ, ಮೇಲೆತ್ತಿದ ಕೈಗಳಿಲ್ಲ. ಇಪ್ಪತ್ತು ಸಾವಿರ ಜನ ಕೂರಬಹುದಾದ ಜಾಗದಲ್ಲಿ ಕೇಳುಗರೆಂದರೆ ನಾವೇ, ನಾನು ಮತ್ತು ನೀವು.

ಪಿಂಕ್ ಫ್ಲಾಯ್ಡ್ ತಂಡದ 'ಲೈವ್ ಅಟ್ ಪಾಂಪೇ' ಶುರುವಾಗುವುದು ಹೀಗೆ. ರಾಕ್ ಸಂಗೀತದ ಗೋಷ್ಠಿಗಳನ್ನು ಚಿತ್ರವಾಗಿ ನೋಡುವ ಹುಚ್ಚು ಇರುವವರಲ್ಲಿ ಇದರಷ್ಟು ಮಾತಿಗೆ, ಜಗಳಕ್ಕೆ, ಹಟಕ್ಕೆ ಕಾರಣವಾದ ಚಿತ್ರ ಕಡಿಮೆ. ಕಾರಣ ಆ ಖಾಲಿ ಮೆಟ್ಟಿಲುಗಳೇ ಎಂದು ನನ್ನ ನಂಬಿಕೆ. ಬೇರೆ ಗೋಷ್ಠಿಗಳ ವಿಡಿಯೋ ನೋಡುವಾಗ ನಾವು ಇನ್ನೊಬ್ಬರ ಸಂಭ್ರಮವನ್ನು ಹೊರಗೆ ನಿಂತು ನೋಡುತ್ತೇವೆ. ಅಲ್ಲಿದ್ದವರ ಅದೃಷ್ಟಕ್ಕೆ ಸಣ್ಣಗೆ ಹೊಟ್ಟೆಯುರಿಯೂ ಆಗುತ್ತದೆ. ಇಲ್ಲಿ ಅಲ್ಲಿದ್ದವರೇ ಯಾರೂ ಇಲ್ಲ. ನೋಡಿದ ಪ್ರತಿಯೊಬ್ಬ ಅಭಿಮಾನಿಗೂ ಆ ಗೋಷ್ಠಿ ತನ್ನೊಬ್ಬನಿಗಾಗಿ ನಡೆದದ್ದು. ತನ್ನದೆಂದು ಅನ್ನಿಸಿದ್ದರಲ್ಲಿ ಯಾರಾದರೂ ಒಂದು ಚೌಕಟ್ಟು ಕದಲಿಸಿದರೂ ಸಿಟ್ಟು ಬರುವುದು ಸಹಜ.

ಬನ್ನಿ, ಇನ್ನೂ ಸ್ವಲ್ಪ ಕೆಳಗಿಳಿಯೋಣ. ಕ್ಯಾಮೆರಾ ಈಗ ಆಂಪ್ಲಿಫೈಯರ್‌ಗಳ ಬೆನ್ನಹಿಂದೆ ಹಳಿಯ ಮೇಲೆ ಹರಿಯುತ್ತಿದೆ. ಒಂದೊಂದು ಪೆಟ್ಟಿಗೆಯ ಹಿಂಬದಿಯಲ್ಲೂ ಅಚ್ಚೊತ್ತಿದ ಬಿಳಿ ಅಕ್ಷರ: ಪಿಂಕ್ ಫ್ಲಾಯ್ಡ್, ಲಂಡನ್. ನೆಲದ ತುಂಬ ಕೇಬಲ್ಲು. ಡೇವಿಡ್ ಗಿಲ್ಮೋರ್ ಅಂಗಿ ಬಿಚ್ಚಿ ಹಾಕಿ ಹಾಡುತ್ತಿದ್ದಾರೆ, ಬೆನ್ನ ಮೇಲೆ ಬಿಸಿಲು. ರಿಚರ್ಡ್ ರೈಟ್ ಕೀಲಿಮಣೆಯ ಮೇಲೆ ಬಾಗಿದ್ದಾರೆ. ನಾಲ್ವರಲ್ಲಿ ಒಬ್ಬರಿಗೂ ಇನ್ನೂ ಮೂವತ್ತಾಗಿಲ್ಲ. 'ಎ ಸಾಸರ್‌ಫುಲ್ ಆಫ್ ಸೀಕ್ರೆಟ್ಸ್' ಬರುವ ಹೊತ್ತಿಗೆ ರೋಜರ್ ವಾಟರ್ಸ್ ಬೇಸ್ ಬಿಟ್ಟು ಕಂಚಿನ ತಾಳಗಳನ್ನು ಬಡಿಯುತ್ತಾರೆ, ಆಮೇಲೆ ಆ ದೊಡ್ಡ ಜಾಗಟೆಗೆ ಎರಗುತ್ತಾರೆ. ರೈಟ್ ಪಿಯಾನೋವನ್ನು ಮುಷ್ಟಿಯಿಂದ ಗುದ್ದುತ್ತಾರೆ. ಗಿಲ್ಮೋರ್ ನೆಲದ ಮೇಲೆ ಕೂತು ಗಿಟಾರ್ ತಂತಿಗಳಿಂದ ಕಿರುಚಾಟ ಹೊರಡಿಸುತ್ತಾರೆ. ನಿಕ್ ಮೇಸನ್ ಮಾತ್ರ ಬಿಡದೆ, ಸುತ್ತಿ ಸುತ್ತಿ ಬರುವ ಒಂದೇ ಪಟ್ಟಿನ ಮೇಲೆ ಡ್ರಮ್ ನುಡಿಸುತ್ತಲೇ ಇದ್ದಾರೆ. ಯಾರೂ ಯಾರಿಗೂ ನಗೆ ಬೀರುವುದಿಲ್ಲ, ಕ್ಯಾಮೆರಾದ ಕಡೆ ನೋಡುವುದಿಲ್ಲ. ದುಡಿಮೆ ನಡೆಯುತ್ತಿದೆ, ಅಷ್ಟೆ. ಮೆಚ್ಚಿದವರೆಲ್ಲ ಮೊದಲು ಹೇಳುವ ಮಾತೂ ಇದೇ: ತೋರಿಕೆಯಿಲ್ಲದೆ ಕೆಲಸ ಮಾಡುವವರನ್ನು ಇಷ್ಟು ಹತ್ತಿರದಿಂದ ನೋಡುವ ಭಾಗ್ಯ ಬೇರೆಲ್ಲಿ ಸಿಗುತ್ತದೆ?

ಈ ಜಾಗ ಸಿಕ್ಕ ಕಥೆಯೂ ಅಭಿಮಾನಿಗಳ ಬಾಯಲ್ಲಿ ಸದಾ ಇರುತ್ತದೆ. ನಿರ್ದೇಶಕ ಏಡ್ರಿಯನ್ ಮೇಬೆನ್ 1971ರ ಬೇಸಿಗೆಯಲ್ಲಿ ಪಾಂಪೇ ನೋಡಲು ಹೋದವರು ಪಾಸ್‌ಪೋರ್ಟ್ ಕಳೆದುಕೊಂಡರು. ಹುಡುಕಲು ಸಂಜೆ ಮತ್ತೆ ಒಳಗೆ ಹೋದಾಗ ಬಯಲುರಂಗದಲ್ಲಿ ಒಬ್ಬರೂ ಇರಲಿಲ್ಲ; ಬೆಳಕು ಇಳಿಯುತ್ತಿತ್ತು, ಹುಳುಗಳ ಸದ್ದು ಗೋಡೆಯಿಂದ ಗೋಡೆಗೆ ಮೊಳಗುತ್ತಿತ್ತು. ಪಾಸ್‌ಪೋರ್ಟಿಗಿಂತ ದೊಡ್ಡದೊಂದು ಅಲ್ಲಿ ಅವರಿಗೆ ಸಿಕ್ಕಿತು. ಹಿಂದಿನ ವರ್ಷವಷ್ಟೇ ವುಡ್‌ಸ್ಟಾಕ್ ಚಿತ್ರ ಬಂದು, ರಾಕ್ ಗೋಷ್ಠಿಯೆಂದರೆ ಕಣ್ಣು ಹಾಯುವವರೆಗೂ ಜನ ಎಂಬಂತಾಗಿದ್ದ ಕಾಲ. ಮೇಬೆನ್ ಜನರನ್ನೇ ತೆಗೆದುಹಾಕಿದರು. ನೇಪಲ್ಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರು ನಡುವೆ ನಿಂತು ಅನುಮತಿ ಕೊಡಿಸಿದರು. ಮೊದಲೇ ರೆಕಾರ್ಡ್ ಮಾಡಿದ್ದಕ್ಕೆ ತುಟಿ ಆಡಿಸುವುದಿಲ್ಲ, ನುಡಿಸಿದರೆ ಅಲ್ಲೇ ನುಡಿಸುತ್ತೇವೆ ಎಂದು ತಂಡ ಪಟ್ಟು ಹಿಡಿದಿದ್ದರಿಂದ ವಾದ್ಯ, ಪೆಟ್ಟಿಗೆ, ಧ್ವನಿ ಯಂತ್ರಗಳೆಲ್ಲ ಲಂಡನ್ನಿನಿಂದ ಲಾರಿಯಲ್ಲಿ ಬಂದವು. ಎಲ್ಲ ಇಳಿಸಿ ಜೋಡಿಸಿದ ಮೇಲೆ ನೋಡಿದರೆ ಕರೆಂಟ್ ಸಾಲದು! ಕೊನೆಗೆ, ನಮ್ಮೂರ ಬಯಲಾಟಕ್ಕೆ ಯಾರದೋ ಮನೆಯಿಂದ ವೈರ್ ಎಳೆಯುವ ಹಾಗೆ, ಪಾಂಪೇ ಪಟ್ಟಣದ ಪುರಭವನದಿಂದ ಬೀದಿಯುದ್ದಕ್ಕೂ ಕೇಬಲ್ ಎಳೆದು ತಂದರು. ಅಕ್ಟೋಬರ್ 4ರಿಂದ 7ರವರೆಗೆ ಚಿತ್ರೀಕರಣ. ಆರಂಭದ 'ಎಕೋಸ್' ಇರುವ 'ಮೆಡಲ್' ಆಲ್ಬಮ್ ಇನ್ನೂ ಅಂಗಡಿಗೇ ಬಂದಿರಲಿಲ್ಲ.

ಅವರು ನಿಂತಿದ್ದ ನೆಲವಾದರೋ ಕ್ರಿಸ್ತಪೂರ್ವ 70ರ ಸುಮಾರಿಗೆ ಕಟ್ಟಿದ್ದು, ಕ್ರಿಸ್ತಶಕ 79ರಲ್ಲಿ ವೆಸುವಿಯಸ್ ಉಗುಳಿದ ಬೂದಿಯಡಿ ಹೂತುಹೋಗಿದ್ದು. ಅದಕ್ಕೂ ಇಪ್ಪತ್ತು ವರ್ಷ ಹಿಂದೆ ಇದೇ ಮೆಟ್ಟಿಲುಗಳಲ್ಲಿ ಪಾಂಪೇಯವರೂ ಪಕ್ಕದ ನುಕೇರಿಯಾದವರೂ ಆಟ ನೋಡುತ್ತಾ ಹೊಡೆದಾಡಿಕೊಂಡು ಹೆಣ ಬಿದ್ದಿದ್ದವು; ರೋಮ್ ಹತ್ತು ವರ್ಷ ಪಂದ್ಯಗಳನ್ನೇ ನಿಷೇಧಿಸಿತು. ಅಭಿಮಾನಿಗಳ ಜಗಳ ಈ ಅಂಗಳಕ್ಕೆ ಹೊಸದಲ್ಲ.

ಹಾಗಾದರೆ ಇವರ ಜಗಳ ಯಾವುದರ ಮೇಲೆ? ಗಡ್ಡದಿಂದ ಶುರುವಾಗುತ್ತದೆ. ಪಾಂಪೇಯಲ್ಲಿ ತೆಗೆದ ಭಾಗಗಳಲ್ಲಿ ರೈಟ್‌ಗೆ ಗಡ್ಡವಿದೆ. ಕೆಲವು ಹಾಡುಗಳಲ್ಲಿ ಇಲ್ಲ. ಅವು ಆ ವರ್ಷದ ಡಿಸೆಂಬರಿನಲ್ಲಿ ಪ್ಯಾರಿಸ್ಸಿನ ಸ್ಟುಡಿಯೋದಲ್ಲಿ, ಹಿಂದೆ ಪಾಂಪೇಯ ದೃಶ್ಯಗಳನ್ನು ಹಾಯಿಸಿ ತೆಗೆದವು. ಅದು ಮೋಸ ಎನ್ನುವವರಿದ್ದಾರೆ. ಹಾಡು ಚೆನ್ನಾಗಿರುವಾಗ ಊರಿನ ಲೆಕ್ಕ ಯಾಕೆ ಎನ್ನುವವರೂ ಇದ್ದಾರೆ. ನಾನು ಎರಡನೆಯವರ ಕಡೆ. 'ಕೇರ್‌ಫುಲ್ ವಿತ್ ದಟ್ ಆ್ಯಕ್ಸ್, ಯುಜೀನ್' ಹಾಡಿನಲ್ಲಿ ವಾಟರ್ಸ್ ಕೂಗು ಎದ್ದಾಗ ಬೆನ್ನುಹುರಿಯಲ್ಲಿ ಹರಿಯುವ ಚಳಿಗೆ ಪ್ಯಾರಿಸ್ ಆದರೇನು, ಪಾಂಪೇ ಆದರೇನು. ನಾಯಿಯ ಹಾಡಿನಲ್ಲಿ ಮಾತ್ರ ಒಮ್ಮತ ಕಷ್ಟ. ನಾಬ್ಸ್ ಎಂಬ ನೀಳಮೂತಿಯ ರಷ್ಯನ್ ಬೇಟೆನಾಯಿ ಗಿಲ್ಮೋರರ ಮೌತ್ ಆರ್ಗನ್ನಿಗೆ ಊಳಿಡುತ್ತದೆ, ರೈಟ್ ಅದರ ಬಾಯಿಗೆ ಮೈಕ್ ಹಿಡಿದಿದ್ದಾರೆ. ಕೆಲವರು ಮನಸಾರೆ ನಗುತ್ತಾರೆ, ಕೆಲವರು ನಾಯಿಯ ಪಾಡಿಗೆ ಮರುಗುತ್ತಾರೆ, ಬಹಳ ಜನ ಮುಂದಕ್ಕೆ ಓಡಿಸುತ್ತಾರೆ.

1972ರ ಸೆಪ್ಟೆಂಬರಿನಲ್ಲಿ ಎಡಿನ್‌ಬರೋ ಚಿತ್ರೋತ್ಸವದಲ್ಲಿ ಮೊದಲು ತೋರಿಸಿದಾಗ ಚಿತ್ರ ಒಂದು ಗಂಟೆಯದು. ಆಮೇಲೆ 'ದ ಡಾರ್ಕ್ ಸೈಡ್ ಆಫ್ ದ ಮೂನ್' ತಯಾರಿಯ ಕಾಲದ ಅಬೆ ರೋಡ್ ಸ್ಟುಡಿಯೋ ದೃಶ್ಯಗಳು, ಕ್ಯಾಂಟೀನಿನ ಮಾತುಕತೆ ಸೇರಿ ಎಂಬತ್ತು ನಿಮಿಷವಾಯಿತು. ಬೆಂಗಳೂರಿನ ರಾಕ್ ಪ್ರಿಯರಲ್ಲಿ ವಿಎಚ್‌ಎಸ್ ಕಾಲದವರಿಗೆ, 2002ರಲ್ಲಿ ವಾಟರ್ಸ್ ಇಲ್ಲಿಗೇ ಬಂದು ಹಾಡಿದ್ದನ್ನು ಕೇಳಿದವರಿಗೆ, ಈ ಎರಡನೆಯ ರೂಪದ ಮೇಲೆಯೇ ಪ್ರೀತಿ. ಮೇಸನ್ ಹಣ್ಣಿನ ಪೈ ಕೇಳುವಾಗ ಹೊರಗಿನ ಗಟ್ಟಿ ಪದರ ಬೇಡ ಎನ್ನುವ ಚಿಕ್ಕ ತುಣುಕು ಅವರಿಗೆ ಒಂದು ಗಿಟಾರ್ ತಾನದಷ್ಟೇ ಬಾಯಿಪಾಠ. 2003ರಲ್ಲಿ ಮೇಬೆನ್ ಸ್ವತಃ ತಿದ್ದಿದ ಡಿವಿಡಿ ಬಂತು: ಕಂಪ್ಯೂಟರಿನಲ್ಲಿ ಎಬ್ಬಿಸಿದ ಹಳೆಯ ಪಾಂಪೇ, ಗ್ರಹಗಳು, ಬಾಹ್ಯಾಕಾಶ. ಅಭಿಮಾನಿಗಳು ಕೆರಳಿದರು, ಕೆರಳಿದ್ದು ಸರಿಯಾಗಿಯೇ ಇತ್ತು. ಆ ಬಿಸಿಲು, ಧೂಳು, ಜ್ವಾಲಾಮುಖಿ ನೆಲದಲ್ಲಿ ಗುಳುಗುಳು ಕುದಿಯುವ ಕೆಸರಿನ ನಡುವೆ ನಾಲ್ವರು ಹಬೆಯಲ್ಲಿ ನಡೆದುಹೋಗುವುದು, ಇಷ್ಟಿರುವಾಗ ಗ್ರಹಗಳ ಗೊಂಬೆಚಿತ್ರ ಯಾರಿಗೆ ಬೇಕಿತ್ತು? ಒಳ್ಳೆಯದೆಂದರೆ ಅದೇ ಡಿವಿಡಿಯಲ್ಲಿ ಹಳೆಯ ಒಂದು ಗಂಟೆಯ ಚಿತ್ರವನ್ನೂ ಇಟ್ಟಿದ್ದರು.

ತಂಡದ ಸಂಗ್ರಹದಲ್ಲಿ ಸರಿಯಾಗಿ ಹೆಸರು ಬರೆಯದ ಐದು ಡಬ್ಬಿಗಳಲ್ಲಿ ಮೂಲ 35 ಎಂಎಂ ನೆಗೆಟಿವ್ ಸಿಕ್ಕಿ, 2025ರ ಏಪ್ರಿಲ್‌ನಲ್ಲಿ ಚಿತ್ರ 4ಕೆ ರೂಪದಲ್ಲಿ, ಐಮ್ಯಾಕ್ಸ್ ಪರದೆಗಳಲ್ಲೂ ಬಂತು. ಧ್ವನಿಯನ್ನು ಹೊಸದಾಗಿ ಹದಗೊಳಿಸಿದವರು ಸ್ಟೀವನ್ ವಿಲ್ಸನ್. ಮೇ ತಿಂಗಳಲ್ಲಿ ಅದರ ಆಲ್ಬಮ್ ಬ್ರಿಟನ್ನಿನ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಐವತ್ನಾಲ್ಕು ವರ್ಷ ಹಿಂದಿನ, ಕೇಳುಗರೇ ಇಲ್ಲದ ಗೋಷ್ಠಿಗೆ! ಇಷ್ಟು ಸ್ವಚ್ಛ ಬೇಡ, ಹಳೆಯ ಒರಟು ಸದ್ದಿನಲ್ಲೇ ಜೀವವಿತ್ತು ಎನ್ನುವವರ ಮಾತನ್ನು ಗೌರವದಿಂದ ಕೇಳುತ್ತೇನೆ, ಆದರೆ ಒಪ್ಪಲಾರೆ. ಜಾಗಟೆಯ ಪೆಟ್ಟು ಬಿದ್ದ ಮೇಲೆ ಕಂಚು ಎಷ್ಟು ಹೊತ್ತು ಗುಂಯ್‌ಗುಡುತ್ತದೆ ಎನ್ನುವುದು ಈ ಸಲ ಕಿವಿಗೆ ಪೂರ್ತಿ ಸಿಗುತ್ತದೆ.

2016ರ ಜುಲೈನಲ್ಲಿ ಗಿಲ್ಮೋರ್ ಅದೇ ಅಂಗಳಕ್ಕೆ ಎರಡು ರಾತ್ರಿ ಮರಳಿದರು. ಈ ಸಲ ಎದುರಿಗೆ ಜನರಿದ್ದರು, ಬೆಂಕಿ, ಲೇಸರ್ ಎಲ್ಲ ಇತ್ತು. ಎಲ್ಲರೂ ಕಾದಿದ್ದ 'ಎಕೋಸ್' ಮಾತ್ರ ಇರಲಿಲ್ಲ. 2008ರಲ್ಲಿ ತೀರಿಕೊಂಡ ರೈಟ್ ಇಲ್ಲದೆ ಅದನ್ನು ನುಡಿಸಲಾರೆ ಎಂದು ಗಿಲ್ಮೋರ್ ಹೇಳಿದ್ದರು. ನಿರಾಸೆಪಟ್ಟವರು ಬಹಳ, ಆ ನಿಷ್ಠೆಗೆ ತಲೆಬಾಗಿದವರೂ ಬಹಳ. 1971ರ ಪಟ್ಟಿಯಿಂದ ಅವರು ಎತ್ತಿಕೊಂಡದ್ದು ಒಂದೇ, 'ಒನ್ ಆಫ್ ದೀಸ್ ಡೇಸ್'.

ಹಳೆಯ ಚಿತ್ರದಲ್ಲಿ ಆ ಹಾಡನ್ನು ಮತ್ತೊಮ್ಮೆ ಗಮನಿಸಿ. ತೆರೆಯ ತುಂಬ ಬಹುಪಾಲು ಮೇಸನ್ ಒಬ್ಬರೇ. ಅದು ನಿರ್ದೇಶಕರ ಜಾಣ್ಮೆಯಲ್ಲ. ಉಳಿದವರನ್ನು ತೆಗೆದ ರೀಲುಗಳು ಕಳೆದುಹೋಗಿದ್ದವು. ಚಿತ್ರಕ್ಕೆ ಬಳಸದೆ ಉಳಿದ ನೂರಾರು ಡಬ್ಬಿ ನೆಗೆಟಿವ್ ಕೂಡ ಆಮೇಲೆ ನಾಶವಾಯಿತು ಎಂದು ಮೇಬೆನ್ ನೊಂದು ಹೇಳಿದ್ದಾರೆ. ಎಲ್ಲಾದರೂ ಒಂದು ರೀಲು ಉಳಿದಿರಬಹುದೇ ಎಂದು ಅಭಿಮಾನಿಗಳು ಇಂದಿಗೂ ಆಸೆಪಡುತ್ತಾರೆ. ಸಿಕ್ಕರೆ ನಾನೂ ಓಡಿಹೋಗಿ ನೋಡುತ್ತೇನೆ. ಆದರೆ ಈಗಿರುವುದನ್ನು ಬದಲಿಸುವುದು ಬೇಡ ಎನ್ನುವುದು ನನ್ನ ವಾದ. ಉದ್ದ ಕೂದಲು ಮುಖಕ್ಕೆ ಬಡಿಯುತ್ತಿದೆ, ಬೆವರು ಹಾರುತ್ತಿದೆ, ನಡುವೆ ಒಂದು ಕೋಲು ಕೈಜಾರಿ ಬೀಳುತ್ತದೆ. ಮೇಸನ್ ಅದರತ್ತ ಕಣ್ಣೂ ಹಾಯಿಸದೆ ಇನ್ನೊಂದನ್ನು ಕಿತ್ತುಕೊಂಡು ತಾಳ ತಪ್ಪದೆ ಮುಂದೆ ಹೋಗುತ್ತಾರೆ. ಉಳಿದವರ ದೃಶ್ಯವೂ ಕೈಯಲ್ಲಿದ್ದಿದ್ದರೆ ಆ ಘಳಿಗೆಯಲ್ಲಿ ಸಂಕಲನಕಾರರು ಖಂಡಿತ ಗಿಟಾರಿನ ಕಡೆ ತಿರುಗಿಬಿಡುತ್ತಿದ್ದರು.