ಅ ಆ ಇ ಈ ಬರುತ್ತೆ, ಓದೋಕೆ ಬರಲ್ಲ

ನಮ್ಮ ಹಾಸ್ಟೆಲ್ ಮೆಸ್ಸಿನ ಆಂಟಿಯ ಮಗಳು ಒಂದನೇ ಕ್ಲಾಸು. ‘ಸ್ವಲ್ಪ ಓದೋದು ಹೇಳ್ಕೊಡ್ರಪ್ಪಾ, ನಂಗೆ ಅಕ್ಷರ ಬರಲ್ಲ’ ಅಂತ ಆಂಟಿ ಕೇಳಿದಾಗ ನಾವು ಮೂವರೂ ಒಪ್ಪಿಕೊಂಡೆವು. ನಾವೆಲ್ಲ ಇಂಗ್ಲಿಷ್ ಮೀಡಿಯಂ, ಬಸ್ಸಿನ ಬೋರ್ಡನ್ನೇ ತಡವರಿಸಿ ಓದೋರು. ಆದ್ರೂ ಒಂದನೇ ಕ್ಲಾಸ್ ತಾನೇ!

ಹುಡುಗಿ 49 ಅಕ್ಷರಗಳನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. ಆದರೆ ‘ದ’ ಒಂದನ್ನೇ ತೋರಿಸಿದರೆ ಮತ್ತೆ ‘ಅ’ಯಿಂದ ಹೇಳ್ತಾ ಬರಬೇಕು. ಥೇಟ್ ಲಿಂಕ್ಡ್ ಲಿಸ್ಟ್. ಇದು ಗೊತ್ತಾಗದೆ ನಾವೂ ಒಂದು ತಿಂಗಳು ಬಾಯಿಪಾಠವನ್ನೇ ಮಾಡಿಸಿ ಹಾಳುಮಾಡಿದೆವು.

ದಾರಿ ಸಿಕ್ಕಿದ್ದು ಸರ್ಕಾರಿ ಶಾಲೆಗಳ ನಲಿಕಲಿಯಿಂದ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ ಇದು. ಅಲ್ಲಿ ಮೊದಲು ಕಲಿಸೋದು ಅ ಆ ಇ ಈ ಅಲ್ಲ. ರ, ಗ, ಸ, ದ, ಅ. ಬರೆಯೋಕೆ ಸುಲಭ, ಐದರಲ್ಲೇ ಪದಗಳೂ ಹುಟ್ಟುತ್ತವೆ: ಸರ, ದರ, ಅರಸ, ಗರಗಸ. ಇಂಗ್ಲಿಷಿನ ‘ಸಿ’ಗೆ ಹೆಸರು ಒಂದು, ‘ಕ್ಯಾಟ್’ನಲ್ಲಿ ಶಬ್ದ ಇನ್ನೊಂದು. ನಮ್ಮ ‘ಗ’ಗೆ ಹೆಸರೂ ಅದೇ, ಶಬ್ದವೂ ಅದೇ. ಹಾಗಾಗಿ ಮೊದಲ ದಿನವೇ ಮಗು ನಿಜವಾಗಿ ಓದಬಹುದು. ಪಕ್ಕದಲ್ಲಿ ಅಕ್ಕಿ ಆರಿಸ್ತಿದ್ದ ಆಂಟಿ ಕೂಡ ಮೆಲ್ಲಗೆ ‘ಸ...ರ’ ಅಂದರು. ನಾವು ಕೇಳಿಸದ ಹಾಗೆ ಇದ್ದೆವು, ನಾಚಿಕೊಂಡು ನಿಲ್ಲಿಸಿಬಿಟ್ಟಾರು ಅಂತ.

ಪುಸ್ತಕಕ್ಕಿಂತ ಮೊದಲು ಕಿವಿಯ ಕೆಲಸ ಇದೆ. ಪದವನ್ನ ಚಪ್ಪಾಳೆ ತಟ್ಟಿ ಒಡೆಯೋದು: ನ-ವಿ-ಲು, ಮೂರು ಚಪ್ಪಾಳೆ. ‘ಅರಮನೆಯಲ್ಲಿ ಅರ ತೆಗೆದ್ರೆ?’ ‘ಮನೆ ಅಣ್ಣಾ!’ ಅಂತ್ಯಾಕ್ಷರಿಯೂ ಇದೇ ಅಭ್ಯಾಸ. ಕಾಗುಣಿತವನ್ನ ಸಾಲುಸಾಲಾಗಿ ಉರು ಹೊಡೆಸೋ ಬದಲು ಬಳೆ, ಬಾಳೆ ಎರಡನ್ನೂ ಅಕ್ಕಪಕ್ಕ ಬರೆದು ಚಿತ್ರ ಹಾಕಿದೆವು. ಒಂದು ದೀರ್ಘ ಬಂದ್ರೆ ಕೈಯಲ್ಲಿದ್ದ ಬಳೆ ತಟ್ಟೆಗೆ ಹಣ್ಣಾಗಿ ಬಂತು ಅಂತ ಅವಳಿಗೆ ನಗು.

ನಿಜವಾದ ತಲೆನೋವು ಅರ್ಕಾವತ್ತು. ‘ಸೂರ್ಯ’ದಲ್ಲಿ ರ್ ಶಬ್ದ ಮೊದಲು, ಯ ಆಮೇಲೆ, ಗುರುತು ಮಾತ್ರ ಯ ಆದ ಮೇಲೆ ಬರುತ್ತೆ. ಎಡದಿಂದ ಬಲಕ್ಕೆ ಓದುವ ಮಗು ‘ಸೂಯರ್’ ಅನ್ನದೆ ಇನ್ನೇನು ಅನ್ನುತ್ತೆ? ಯೂನಿಕೋಡ್ ಒಳಗಡೆ ರ್ ಮೊದಲೇ ಇರುತ್ತೆ, ತೋರಿಸುವಾಗ ಫಾಂಟ್ ಅದನ್ನ ಹಿಂದಕ್ಕೆ ತಳ್ಳುತ್ತೆ. ಕಂಪ್ಯೂಟರಿಗೆ ಶಬ್ದದ ಕ್ರಮ, ಕಣ್ಣಿಗೆ ಬರಹದ ಕ್ರಮ. ಈಗ ಆ ಗುರುತಿಗೆ ಕೆಂಪು ಪೆನ್ನಲ್ಲಿ ಹಿಂದಕ್ಕೆ ಬಾಣ ಹಾಕಿ ಕೊಡ್ತೀವಿ. ‘ಸೂರ್ಯ’ ಸರಿಹೋಯ್ತು. ಕ್ಯಾಲೆಂಡರಿನ ‘ಕಾರ್ತಿಕ’ ಮಾತ್ರ ಇನ್ನೂ ‘ಕಾತಿರ್ಕ’ವೇ.