ಉಚಿತ ಇದೆ, ಸರಿ. ಆದ್ರೆ ಮಕ್ಕಳಿಗೆ ತಲುಪೋದು ಹೇಗೆ?



ಬೆಂಗಳೂರಲ್ಲಿ ಒಬ್ಬ ಹೈಸ್ಕೂಲ್ ಹುಡುಗ ಅಥವಾ ಹುಡುಗಿಗೆ ಸಿಲೆಬಸ್ ಹೊರಗಡೆ ಏನಾದ್ರೂ ಕಲಿಸ್ಬೇಕು ಅಂದ್ರೆ ಮೊದಲು ನೆನಪಾಗೋದು ರೋಬೋಟಿಕ್ಸ್ ಕ್ಲಾಸು, ಕೋಡಿಂಗ್ ಕ್ಲಾಸು, ಸಮ್ಮರ್ ಕ್ಯಾಂಪು. ಎಲ್ಲದಕ್ಕೂ ಸಾವಿರಗಟ್ಟಲೆ ಫೀಸು. ಹಾಗಾಗಿ ಇದೆಲ್ಲ ದುಡ್ಡಿರೋರ ಮಕ್ಕಳಿಗೆ ಮಾತ್ರ ಅಂತ ಸುಮಾರು ಜನ ಅಂದುಕೊಂಡುಬಿಡ್ತಾರೆ.

ಆದ್ರೆ ಇದೇ ಊರಲ್ಲಿ ಪೂರ್ತಿ ಉಚಿತವಾಗಿ, ಇಲ್ಲಾ ಒಂದು ಮಸಾಲೆ ದೋಸೆ ಆಸುಪಾಸಿನ ದುಡ್ಡಿಗೆ ಸಿಗೋ ಕಲಿಕೆ ಎಷ್ಟಿದೆ ಗೊತ್ತಾ? ನಾವು, ಅಂದ್ರೆ ಕನ್ನಡ ಸಂಘದ ಕೆಲವರು, ಕಾಲೇಜಿನ ಪಕ್ಕದ ಒಂದು ಸರ್ಕಾರಿ ಹೈಸ್ಕೂಲಿಗೆ ಆಗಾಗ ಹೋಗಿಬರ್ತಾ ಇದರ ಪಟ್ಟಿ ಮಾಡೋಕೆ ಶುರು ಮಾಡಿದ್ವಿ. ಪಟ್ಟಿ ಉದ್ದ ಆಯ್ತು. ಜೊತೆಗೆ ಇನ್ನೊಂದು ವಿಷಯನೂ ಕಾಣಿಸ್ತು. ಟಿಕೆಟ್ ದುಡ್ಡು ತೆಗೆದ್ರೆ ಸಾಕು, ಮಕ್ಕಳು ಬಂದುಬಿಡ್ತಾರೆ ಅನ್ನೋದು ನಿಜ ಅಲ್ಲ. ನಡುವೆ ಇನ್ನೂ ಮೂರು ಅಡ್ಡಿ ಇವೆ. ಅವನ್ನ ತೆಗೆಯೋದು ನಮ್ಮಂಥ ಎಂಜಿನಿಯರಿಂಗ್ ಹುಡುಗ ಹುಡುಗಿಯರ ಕೈಲಿ ಆಗೋ ಕೆಲ್ಸ. ಮೊದಲು ಏನೇನಿದೆ ನೋಡೋಣ, ಆಮೇಲೆ ಅಡ್ಡಿಗಳ ಮಾತು.

ಕಬ್ಬನ್ ಪಾರ್ಕ್ ಸುತ್ತ ಒಂದು ದಿನ

ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ಜನರಿಗೆ ತೆರೆದಿದ್ದು 1965ರಲ್ಲಿ. ನಮ್ಮಲ್ಲಿ ಬೆಂಗಳೂರಿನೋರೆಲ್ಲ ಚಿಕ್ಕವರಿದ್ದಾಗ ಒಂದ್ಸಲನಾದ್ರೂ ಹೋಗಿರ್ತೀವಿ. ಆದ್ರೆ ಈಗ, ಒಂದು ವರ್ಷ ಮೆಕ್ಯಾನಿಕಲ್ಲೋ ಎಲೆಕ್ಟ್ರಿಕಲ್ಲೋ ಓದಿದ ಮೇಲೆ, ಮತ್ತೊಮ್ಮೆ ಹೋಗಿ ನೋಡಿ. ಕೆಳಗಿನ ಎಂಜಿನ್ ಹಾಲ್‌ನಲ್ಲಿ ನಿಂತ್ರೆ ನಮ್ಮ ಟೆಕ್ಸ್ಟ್ ಬುಕ್ ಚಿತ್ರಗಳೆಲ್ಲ ಕಬ್ಬಿಣದಲ್ಲಿ ಎದುರಿಗಿರುತ್ತೆ. ರೈಟ್ ಸಹೋದರರು 1903ರಲ್ಲಿ ಹಾರಿಸಿದ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿ ಇದೆ. ‘ಮುಟ್ಟಬೇಡಿ’ ಅನ್ನೋ ಬೋರ್ಡಿಗಿಂತ ಗುಂಡಿ ಒತ್ತಿ, ಹಿಡಿ ತಿರುಗಿಸಿ ನೋಡೋ ಮಾದರಿಗಳೇ ಜಾಸ್ತಿ. ಶಾಲೆಯಿಂದ ಗುಂಪಾಗಿ ಬಂದ್ರೆ ಟಿಕೆಟ್‌ನಲ್ಲಿ ರಿಯಾಯಿತಿ ಸಿಗುತ್ತೆ. ಅದಕ್ಕೆ ಹೆಡ್ ಮಾಸ್ಟರ್ ಕಡೆಯಿಂದ ಒಂದು ಪತ್ರ ತಗೊಂಡು ಹೋಗೋದು ಒಳ್ಳೇದು.

ಅಲ್ಲಿಂದ ನಡ್ಕೊಂಡೇ ಹೋಗಬಹುದಾದ ದೂರದಲ್ಲಿ ಜವಾಹರ್ ಬಾಲಭವನ. ಪುಟಾಣಿ ಎಕ್ಸ್‌ಪ್ರೆಸ್ ರೈಲು ಎಲ್ರಿಗೂ ಗೊತ್ತು. ಆದ್ರೆ ಬೇಸಿಗೆ ರಜೆಯಲ್ಲಿ ಚಿತ್ರಕಲೆ, ಮಣ್ಣಿನ ಕೆಲಸ, ನೃತ್ಯ ಅಂತ ಕಡಿಮೆ ಫೀಸಿನ ಶಿಬಿರ ನಡೆಸ್ತಾರೆ ಅನ್ನೋದು ಅಷ್ಟಾಗಿ ಗೊತ್ತಿಲ್ಲ.

ಪಾರ್ಕ್ ಒಳಗಿನ ಕೆಂಪು ಕಟ್ಟಡ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ರಾಜ್ಯ ಕೇಂದ್ರ ಗ್ರಂಥಾಲಯ. ಮಕ್ಕಳಿಗೆ ಪಾರ್ಕ್‌ನಲ್ಲೇ ಪ್ರತ್ಯೇಕ ಗ್ರಂಥಾಲಯ ಇದೆ. ಇಲ್ಲೊಂದು ವಿಷಯ ಗಮನಿಸಿ. ಕರ್ನಾಟಕದ ಗ್ರಂಥಾಲಯ ಕಾಯ್ದೆ ಬಂದಿದ್ದು 1965ರಲ್ಲಿ. ಅದರ ಪ್ರಕಾರ ಆಸ್ತಿ ತೆರಿಗೆ ಜೊತೆ ಶೇ. 6 ಗ್ರಂಥಾಲಯ ಕರ ವಸೂಲಾಗುತ್ತೆ. ಅಂದ್ರೆ ನಗರದ ಗ್ರಂಥಾಲಯಗಳು ಯಾರೋ ಮಾಡೋ ಧರ್ಮ ಅಲ್ಲ. ಊರಿನ ಜನ ಆಗಲೇ ದುಡ್ಡು ಕಟ್ಟಿದ್ದಾರೆ. ವಠಾರದ ಮನೆಯಲ್ಲಿ ಬಾಡಿಗೆಗಿರೋರೂ ಆ ಬಾಡಿಗೆಯಲ್ಲಿ ಒಂದು ಪಾಲು ಕಟ್ಟೇ ಇರ್ತಾರೆ. ಅವರ ಮಕ್ಕಳು ಒಳಗೆ ಹೋಗೋಕೆ ಹಿಂಜರಿಯೋ ಅಗತ್ಯವೇ ಇಲ್ಲ.

ತಾರಾಲಯ: ಬಿತ್ತೋದು, ಕೊಯ್ಯೋದು

ಜವಾಹರಲಾಲ್ ನೆಹರು ತಾರಾಲಯ 1989ರಲ್ಲಿ ನಗರ ಪಾಲಿಕೆ ಕಟ್ಟಿಸಿದ್ದು. 1992ರಿಂದ ಅದನ್ನ ನಡೆಸ್ತಿರೋದು ಬೆಂಗಳೂರು ಅಸೋಸಿಯೇಷನ್ ಫಾರ್ ಸೈನ್ಸ್ ಎಜುಕೇಶನ್, ಚಿಕ್ಕದಾಗಿ ‘ಬೇಸ್’. ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಪ್ರದರ್ಶನ ಇರುತ್ತೆ. ಹೊರಗಡೆ ವಿಜ್ಞಾನ ಉದ್ಯಾನ ಇದೆ.

ಆದ್ರೆ ತಾರಾಲಯದ ನಿಜವಾದ ಕೆಲ್ಸ ನಡೆಯೋದು ಗುಮ್ಮಟದ ಆಚೆ. ಹೈಸ್ಕೂಲ್ ಮಕ್ಕಳಿಗೆ ‘ಸೈನ್ಸ್ ಓವರ್ ವೀಕೆಂಡ್ಸ್’ ಅನ್ನೋ ವಾರಾಂತ್ಯದ ತರಗತಿಗಳಿವೆ. ಹೆಸರನ್ನ ಚಿಕ್ಕದು ಮಾಡಿದ್ರೆ ‘ಸೋ’, ಅಂದ್ರೆ ಬಿತ್ತು. ಡಿಗ್ರಿ ವಿದ್ಯಾರ್ಥಿಗಳಿಗೆ ಇರೋದರ ಹೆಸರು ‘ರೀಪ್’, ಅಂದ್ರೆ ಕೊಯ್ಯು. ಹೆಸರಿಟ್ಟವರು ಯೋಚನೆ ಮಾಡೇ ಇಟ್ಟಿದ್ದಾರೆ. ಒಂದೇ ದಿನ ಬಂದು ಶೋ ನೋಡಿ ಹೋದ್ರೆ ಖುಷಿಯಾಗುತ್ತೆ, ಅಷ್ಟೆ. ವಾರವಾರ ಬಂದು ಕೈಯಾರೆ ಪ್ರಯೋಗ ಮಾಡಿದ ಮಗುವಿಗೆ ಪ್ರಶ್ನೆ ಕೇಳೋ ಅಭ್ಯಾಸ ಆಗುತ್ತೆ.

ಕೇಳಲು, ನೋಡಲು ಇನ್ನೂ ಕೆಲವು

ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಡಾ. ಎಚ್. ನರಸಿಂಹಯ್ಯ ಅವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದ್ರು. ವಾರಕ್ಕೊಂದು ಉಪನ್ಯಾಸ, ಜುಲೈ ತಿಂಗಳಲ್ಲಿ ವಿಜ್ಞಾನೋತ್ಸವ, ಯಾರು ಬೇಕಾದ್ರೂ ಬಂದು ಕೂರಬಹುದು. ಎಚ್ಚೆನ್ ಅವರು ಸ್ವತಃ ಗೌರಿಬಿದನೂರು ಕಡೆಯ ಹೊಸೂರಿನ ಬಡ ಮನೆಯಿಂದ ಬಂದವರು. ಓದೋಕೆ ಅಂತ ಬೆಂಗಳೂರಿಗೆ ನಡ್ಕೊಂಡೇ ಬಂದವರು. ಕಲಿಯೋ ಆಸೆ ಇದ್ರೂ ಬಾಗಿಲು ದೂರ ಇದ್ರೆ ಏನಾಗುತ್ತೆ ಅನ್ನೋದು ಅವರಿಗೆ ಗೊತ್ತಿತ್ತು.

ಬಳ್ಳಾರಿ ರಸ್ತೆಯ ಸೈನ್ಸ್ ಗ್ಯಾಲರಿ ಬೆಂಗಳೂರು ತನ್ನ ಹೊಸ ಕಟ್ಟಡವನ್ನ ಜನರಿಗೆ ತೆರೆದಿದ್ದು 2024ರ ಜನವರಿಯಲ್ಲಿ. ಪ್ರವೇಶ ಉಚಿತ. ಒಂದೊಂದು ವಿಷಯ ಹಿಡಿದು ಪ್ರದರ್ಶನ ಮಾಡ್ತಾರೆ, ಪಕ್ಕದಲ್ಲಿ ನಿಂತು ವಿವರಿಸೋರೂ ಇರ್ತಾರೆ. ಸ್ವಲ್ಪ ದೊಡ್ಡ ಮಕ್ಕಳಿಗೆ, ಅಂದ್ರೆ ಹತ್ತನೇ ಕ್ಲಾಸು, ಪಿಯುಸಿಗೆ ಚೆನ್ನಾಗಿ ಹೊಂದುತ್ತೆ.

ಭಾರತೀಯ ವಿಜ್ಞಾನ ಸಂಸ್ಥೆ, ನಮ್ಮ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್, ವರ್ಷಕ್ಕೊಂದು ದಿನ ‘ಓಪನ್ ಡೇ’ ಮಾಡುತ್ತೆ. ಆವತ್ತು ಲ್ಯಾಬುಗಳ ಬಾಗಿಲು ಎಲ್ರಿಗೂ ತೆರೆದಿರುತ್ತೆ, ಟಿಕೆಟ್ ಇಲ್ಲ. ಹೈ ವೋಲ್ಟೇಜ್ ಲ್ಯಾಬಿನ ಕೃತಕ ಮಿಂಚು ನೋಡೋಕೆ ದೊಡ್ಡ ಕ್ಯೂ ಇರುತ್ತೆ. ಬೆಳಗ್ಗೆಯೇ ಹೋಗಿ.

ಶಾಲೆಯ ಬಾಗಿಲಿಗೇ ಬರುವವು

ನೀತಿ ಆಯೋಗದ ಅಟಲ್ ಇನೋವೇಶನ್ ಮಿಷನ್ ಶುರುವಾಗಿದ್ದು 2016ರಲ್ಲಿ. ಅದರಡಿ ಆಯ್ಕೆಯಾದ ಶಾಲೆಗೆ ಅಟಲ್ ಟಿಂಕರಿಂಗ್ ಲ್ಯಾಬ್ ಕಟ್ಟೋಕೆ 20 ಲಕ್ಷ ರೂಪಾಯಿವರೆಗೆ ಅನುದಾನ ಇದೆ. 6ರಿಂದ 12ನೇ ತರಗತಿ ಮಕ್ಕಳಿಗೆ 3ಡಿ ಪ್ರಿಂಟರ್, ಸೆನ್ಸರ್, ಮೈಕ್ರೋಕಂಟ್ರೋಲರ್ ಎಲ್ಲ ಕೈಗೆ ಸಿಗುತ್ತೆ. ನಿಮ್ಮ ಹಳೇ ಶಾಲೆಯಲ್ಲಿ ಇದೆಯಾ ಅಂತ ಒಮ್ಮೆ ವಿಚಾರಿಸಿ. ಇದ್ರೆ ವಾರಕ್ಕೆ ಎರಡು ಗಂಟೆ ಹೋಗಿ ಕೂತು ಹೇಳಿಕೊಡೋರು ಬೇಕು. ಆರ್ಡುಯಿನೊದಲ್ಲಿ ಎಲ್‌ಇಡಿ ಮಿನುಗಿಸೋಕೆ ನಮಗೆ ಬರುತ್ತಲ್ಲ, ಶುರು ಮಾಡೋಕೆ ಅಷ್ಟು ಸಾಕು.

ಅಗಸ್ತ್ಯ ಫೌಂಡೇಶನ್ 1999ರಲ್ಲಿ ಶುರುವಾದ ಸಂಸ್ಥೆ. ವ್ಯಾನಿನಲ್ಲಿ, ಬೈಕಿನಲ್ಲಿ ಪ್ರಯೋಗದ ಸಾಮಾನು ತುಂಬಿಕೊಂಡು ಸರ್ಕಾರಿ ಶಾಲೆಗಳಿಗೇ ಹೋಗ್ತಾರೆ. ಶಾಲೆಯಲ್ಲಿ ಲ್ಯಾಬ್ ಇಲ್ಲ ಅಂದ್ರೆ ಲ್ಯಾಬನ್ನೇ ಶಾಲೆಗೆ ತರೋದು ಅವರ ದಾರಿ.

1993ರಲ್ಲಿ ಶುರುವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ಮಕ್ಕಳು ತಮ್ಮ ಸುತ್ತಲಿನ ಒಂದು ಸಮಸ್ಯೆ ಹಿಡಿದು ಪ್ರಾಜೆಕ್ಟ್ ಮಾಡಬೇಕು. ಬಡಾವಣೆಯ ಕೆರೆ ನೀರು, ಬೀದಿಯ ಕಸ, ಏನಾದ್ರೂ ಆಗಬಹುದು. ತಮ್ಮ ಭಾಷೆಯಲ್ಲೇ ಮಂಡಿಸಬಹುದು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ‘ಬಾಲವಿಜ್ಞಾನ’ ಅಂತ ಕನ್ನಡ ಮಾಸಪತ್ರಿಕೆಯನ್ನೂ ತರುತ್ತೆ. ಶಾಲೆಗೆ ಒಂದು ಚಂದಾ ಮಾಡಿಸಿಕೊಟ್ರೆ ವರ್ಷವಿಡೀ ಬರುತ್ತೆ.

ಹಾಗಾದ್ರೆ ಅಡ್ಡಿ ಎಲ್ಲಿ?

ಮೊದಲನೇದು ಸುದ್ದಿ. ಇವುಗಳ ಪ್ರಕಟಣೆ ಬರೋದು ಹೆಚ್ಚಾಗಿ ವೆಬ್‌ಸೈಟಿನಲ್ಲಿ, ಇನ್‌ಸ್ಟಾದಲ್ಲಿ. ಅಪ್ಪ ಅಮ್ಮ ಐಟಿಯಲ್ಲಿದ್ರೆ ಅಪಾರ್ಟ್‌ಮೆಂಟ್ ಗ್ರೂಪಿಗೆ ಲಿಂಕ್ ಬಂದು ಬೀಳುತ್ತೆ. ಅಪ್ಪ ಆಟೋ ಓಡಿಸ್ತಾ, ಅಮ್ಮ ಗಾರ್ಮೆಂಟ್ಸಿಗೆ ಹೋಗ್ತಾ ಇದ್ರೆ ಆ ಲಿಂಕ್ ಅವರ ಫೋನಿಗೆ ಬರೋದೇ ಇಲ್ಲ. ಸೀಟು ಕಮ್ಮಿ ಇರೋ ಕಾರ್ಯಕ್ರಮಕ್ಕೆ ಮೊದಲು ಗೊತ್ತಾದವರೇ ಹೆಸರು ಬರೆಸಿರ್ತಾರೆ. ಹೀಗಾಗಿ ಉಚಿತ ಕಾರ್ಯಕ್ರಮಕ್ಕೂ ಫೀಸು ಕಟ್ಟಬಲ್ಲ ಮನೆ ಮಕ್ಕಳೇ ಮೊದಲು ತಲುಪ್ತಾರೆ.

ಎರಡನೇದು ದಾರಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗೀರಿಗೆ ಬಸ್ ಟಿಕೆಟ್ ಚಿಂತೆ ಇಲ್ಲ, ಹುಡುಗರಿಗೆ ಇದೆ. ಆದ್ರೆ ದುಡ್ಡಿಗಿಂತ ದೊಡ್ಡ ಪ್ರಶ್ನೆ, ಜೊತೆಗೆ ಯಾರು ಬರ್ತಾರೆ? ಒಬ್ಬ ಅಮ್ಮ ನಮಗೆ ಹೇಳಿದ್ದು ಇದು: ‘ಕಳಿಸೋಕೆ ಬೇಜಾರಿಲ್ಲಮ್ಮ. ಶನಿವಾರ ನಂಗೂ ಡ್ಯೂಟಿ ಇರುತ್ತೆ. ಇವಳು ಬಂದ್ರೆ ಇವಳ ತಮ್ಮನ್ನ ನೋಡ್ಕೊಳ್ಳೋರು ಯಾರು?’ ಇದಕ್ಕೆ ಯಾವ ಟಿಕೆಟ್ ರಿಯಾಯಿತಿಯೂ ಉತ್ತರ ಅಲ್ಲ. ತಮ್ಮನ್ನೂ ಕರ್ಕೊಂಡು ಬಾ ಅಂದ್ವಿ. ಐದನೇ ಕ್ಲಾಸಿನ ಆ ಹುಡುಗ ತಾರಾಲಯದಲ್ಲಿ ಎಲ್ರಿಗಿಂತ ಜಾಸ್ತಿ ಪ್ರಶ್ನೆ ಕೇಳ್ದ.

ಮೂರನೇದು ಭಾಷೆ. ಒಳ್ಳೊಳ್ಳೆ ಉಪನ್ಯಾಸ ಬಹಳಷ್ಟು ಇಂಗ್ಲಿಷ್‌ನಲ್ಲೇ ಇರುತ್ತೆ. ಕನ್ನಡ ಮೀಡಿಯಂ ಮಗು ಹಿಂದಿನ ಸಾಲಲ್ಲಿ ಸುಮ್ಮನೆ ಕೂತಿರುತ್ತೆ. ಅದಕ್ಕೆ ವಿಷಯ ಗೊತ್ತಿಲ್ಲ ಅಂತಲ್ಲ. ನಾವು ‘ಆಕ್ಸಲರೇಶನ್’ ಅಂತ ಕಲಿತದ್ದನ್ನ ಆ ಮಗು ‘ವೇಗೋತ್ಕರ್ಷ’ ಅಂತ ಕಲ್ತಿದೆ, ಅಷ್ಟೆ.

ಹೋದ ಸೆಮಿಸ್ಟರ್ ನಾವು ಹಳೇ ಪ್ರಿಂಟರಿನ ಮೋಟಾರನ್ನ ಗೇರ್ ಸಮೇತ ಬಿಚ್ಚಿ, ಹಿಡಿ ಕೂರಿಸಿ, ಟಾರ್ಚ್ ಬಲ್ಬ್ ಜೋಡಿಸಿ ಆ ಹೈಸ್ಕೂಲಿಗೆ ಒಯ್ದಿದ್ವಿ. ಹತ್ತನೇ ಕ್ಲಾಸಿನ ಒಬ್ಬಳು ತಿರುಗಿಸಿದ್ಳು, ಬಲ್ಬ್ ಹತ್ತಿತು. ಪಕ್ಕದಲ್ಲಿ ಇನ್ನೆರಡು ಬಲ್ಬ್ ಸೇರಿಸಿದ್ವಿ. ತಿರುಗಿಸೋದನ್ನ ನಿಲ್ಲಿಸಿ ಕೇಳಿದ್ಳು: ‘ಅಕ್ಕ, ಬಲ್ಬ್ ಜಾಸ್ತಿ ಆದ್ರೆ ಹಿಡಿ ಯಾಕೆ ಬಿಗಿ ಆಗುತ್ತೆ?’

ಇದು ಲೆನ್ಸ್ ನಿಯಮದ ಪ್ರಶ್ನೆ. ನಾವು ಇಂಟರ್ನಲ್ಸ್‌ನಲ್ಲಿ ಐದು ಮಾರ್ಕಿಗೆ ಬರೆಯೋದು. ಬೆಳಕು ಜಾಸ್ತಿ ಬೇಕಂದ್ರೆ ಆ ಶಕ್ತಿ ಎಲ್ಲಿಂದಾದ್ರೂ ಬರಬೇಕಲ್ವಾ, ಅದು ನಿನ್ನ ತೋಳಿಂದ ಬರ್ತಿದೆ, ಹುಟ್ಟಿದ ಕರೆಂಟೇ ನಿನ್ನ ಕೈಯನ್ನ ತಡೀತಿದೆ ಅಂತ ಹೇಳಿದ್ವಿ. ಅವಳು ತಿರುಗಿ ಗೆಳತಿಗೆ ಹೇಳಿದ್ಳು, ‘ಲೇ, ಇದೇ ಕಣೇ ವಿದ್ಯುತ್ಕಾಂತೀಯ ಪ್ರೇರಣೆ ಅಂದ್ರೆ!’ ಪದ ಅವಳ ಹತ್ರ ಆಗಲೇ ಇತ್ತು. ಕೈಗೆ ಸಿಗೋ ಮೋಟಾರ್ ಇರಲಿಲ್ಲ, ತನ್ನ ಭಾಷೆಯಲ್ಲಿ ಮಾತಾಡೋರು ಪಕ್ಕದಲ್ಲಿರಲಿಲ್ಲ. ಅವತ್ತು ಎರಡೂ ಸೇರಿತು. ಕನ್ನಡ ಸಂಘ ಅಂದ್ರೆ ನವೆಂಬರ್ ತಿಂಗಳ ಹಾಡು ಕುಣಿತ ಮಾತ್ರ ಅಲ್ಲ ಅನ್ನೋಕೆ ನಮಗೆ ಬೇರೆ ಉದಾಹರಣೆ ಬೇಕಾಗಿಲ್ಲ.

ನಾವು ಏನ್ ಮಾಡಬಹುದು?

1. ಒಂದೇ ಶಾಲೆ ಹಿಡಿಯಿರಿ. ಹತ್ತು ಶಾಲೆಗೆ ಒಂದೊಂದ್ಸಲ ಹೋಗೋದಕ್ಕಿಂತ ಒಂದೇ ಶಾಲೆಗೆ ಹತ್ತು ಸಲ ಹೋಗೋದು ಮೇಲು. ಸರ್ಕಾರಿ ಶಾಲೆಗಳಲ್ಲಿ ಶನಿವಾರ ಬೆಳಗ್ಗೆ ಮಾತ್ರ ಕ್ಲಾಸಿರುತ್ತೆ, ಮಧ್ಯಾಹ್ನ ಸಿಗುತ್ತೆ.

2. ಪ್ರಕಟಣೆಗಳನ್ನ ಕನ್ನಡದಲ್ಲಿ ಒಂದು ಪುಟಕ್ಕೆ ಇಳಿಸಿ ನೋಟಿಸ್ ಬೋರ್ಡಿಗೆ ಹಾಕಿ. ಯಾವಾಗ, ಎಲ್ಲಿ, ಎಷ್ಟು ದುಡ್ಡು, ಯಾವ ಬಸ್ಸು, ಇಷ್ಟಿದ್ರೆ ಸಾಕು. ಕ್ಲಾಸ್ ಟೀಚರ್ ಕೈಗೂ ಒಂದು ಪ್ರತಿ ಕೊಡಿ.

3. ಜೊತೆಗೆ ಹೋಗಿ. ಪೋಷಕರ ಒಪ್ಪಿಗೆ ಪತ್ರ, ಶಾಲೆಯ ಒಬ್ಬರು ಟೀಚರು, ಎಂಟ್ಹತ್ತು ಮಕ್ಕಳಿಗೆ ನಮ್ಮಲ್ಲಿ ಇಬ್ಬರು. ಹೊರಡೋ ಮುಂಚೆ ಫೋನ್ ಮಾಡಿ ರಜೆ ದಿನ, ಕನ್ನಡ ಪ್ರದರ್ಶನದ ಸಮಯ, ಶಾಲಾ ಗುಂಪಿನ ದರ ಕೇಳಿಕೊಳ್ಳಿ.

4. ಎಂಟನೇ ಕ್ಲಾಸಿನವರಿಗೆ ಎನ್‌ಎಂಎಂಎಸ್ ಪರೀಕ್ಷೆ ಬಗ್ಗೆ ತಪ್ಪದೆ ಹೇಳಿ. ಸರ್ಕಾರಿ, ಅನುದಾನಿತ ಶಾಲೆ ಮಕ್ಕಳಿಗೆ ಇರೋ ಕೇಂದ್ರದ ವಿದ್ಯಾರ್ಥಿವೇತನ ಇದು. ಮನೆಯ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಿರಬಾರದು. ಆಯ್ಕೆಯಾದ್ರೆ 9ರಿಂದ 12ನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ, ಅಂದ್ರೆ ನಾಲ್ಕು ವರ್ಷಕ್ಕೆ 48,000. ಎಷ್ಟೋ ಮನೆಯಲ್ಲಿ ಹತ್ತನೇ ಕ್ಲಾಸಿಗೆ ಓದು ನಿಲ್ಲಿಸೋದಾ, ಪಿಯುಸಿಗೆ ಕಳಿಸೋದಾ ಅನ್ನೋ ತೀರ್ಮಾನಕ್ಕೆ ಇಷ್ಟು ದುಡ್ಡು ಸಾಕಾಗುತ್ತೆ. ಅದರ ಒಂದು ಪತ್ರಿಕೆ ಮಾನಸಿಕ ಸಾಮರ್ಥ್ಯದ್ದು: ಸಂಖ್ಯಾ ಸರಣಿ, ಕೋಡಿಂಗ್-ಡಿಕೋಡಿಂಗ್, ಕನ್ನಡಿ ಬಿಂಬ. ಪ್ಲೇಸ್‌ಮೆಂಟ್ ಆಪ್ಟಿಟ್ಯೂಡ್ ಅಂತ ನಾವು ಉರು ಹೊಡೀತೀವಲ್ಲ, ಹೆಚ್ಚುಕಮ್ಮಿ ಅದೇ. ಅವರಿಗೆ ಹೇಳಿಕೊಟ್ರೆ ನಮ್ಮದೂ ರಿವಿಷನ್ ಆಗುತ್ತೆ.

ಎಐಸಿಟಿಇಯ 100 ಆಕ್ಟಿವಿಟಿ ಪಾಯಿಂಟ್ಸ್ ಹೇಗೆ ಮಾಡೋದು ಅಂತ ತಲೆ ಕೆಡಿಸಿಕೊಂಡಿರೋರೂ ಬನ್ನಿ, ಬೇಡ ಅನ್ನಲ್ಲ. ಪಾಯಿಂಟ್ಸ್‌ಗೆ ಅಂತ ಬಂದ ಇಬ್ಬರು ಸೀನಿಯರ್ಸ್ ಪಾಯಿಂಟ್ಸ್ ಮುಗಿದ ಮೇಲೂ ಬರ್ತಿದ್ದಾರೆ.

ಪ್ರತಿ ಸೆಪ್ಟೆಂಬರ್ 15ಕ್ಕೆ ನಾವು ಸರ್ ಎಂ.ವಿ. ಫೋಟೋಗೆ ಹಾರ ಹಾಕಿ ಎಂಜಿನಿಯರ್ಸ್ ಡೇ ಮಾಡ್ತೀವಿ. ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಖರ್ಚು ನಿಭಾಯಿಸಿದವರು, ಆಮೇಲೆ ಮೈಸೂರು ಸರ್ಕಾರದ ನೆರವಿನಿಂದ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದವರು. ಈ ಸಲ ಎಂಜಿನಿಯರ್ಸ್ ಡೇ ವಾರದಲ್ಲಿ ಆ ಹೈಸ್ಕೂಲಿನ ಮಕ್ಕಳನ್ನ ಅವರ ಹೆಸರಿನ ವಸ್ತುಸಂಗ್ರಹಾಲಯಕ್ಕೆ ಕರ್ಕೊಂಡು ಹೋಗೋಣ ಅಂತಿದ್ದೀವಿ. ಹೆಡ್ ಮಿಸ್ ಒಪ್ಪಿದ್ದಾರೆ. ಒಬ್ಬೊಬ್ಬರಿಗೆ ನಾಲ್ಕೈದು ಮಕ್ಕಳ ಜವಾಬ್ದಾರಿ ಬರೋ ಹಾಗೆ ಇನ್ನೂ ಏಳೆಂಟು ಜನ ಬೇಕು. ಯಾವ ಬ್ರಾಂಚ್ ಆದ್ರೂ ಸರಿ, ಕನ್ನಡ ಅಷ್ಟೇನೂ ಚೆನ್ನಾಗಿ ಬರಲ್ಲ ಅಂದ್ರೂ ಪರವಾಗಿಲ್ಲ, ಮಕ್ಕಳೇ ಕಲಿಸ್ತಾರೆ. ಹೆಸರನ್ನ ಸಂಘದ ಕೊಠಡಿಯ ಬೋರ್ಡಿನಲ್ಲಿ ಬರೆದು ಹೋಗಿ.